ಮಂಡಿಯ ವರ್ತಕ ಮೊಮ್ಮಗನನ್ನು ಕೂಗಿದ್ದು

"ಗುರುಗಳೇ, ನಮ್ಮ ಮಗನಿಗೆ ತಮ್ಮ ಹೆಸರನ್ನೇ ಇಡಬೇಕೆಂದಿದ್ದೇವೆ. ಇಡಬಹುದೇ?"

ಕೇಳಿದವನು ಒಬ್ಬ ನೇಕಾರ, ಗುರುಗಳ ಹಳೆಯ ಶಿಷ್ಯ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಅವನಿಗೆ ಮಗ ಹುಟ್ಟಿದ್ದ. ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಂಬದ ಪಕ್ಕ ಕೂತಿದ್ದಳು. ನೇಕಾರನ ಮುಖದಲ್ಲಿ ಹೆಮ್ಮೆ ಹಿಡಿಸಲಾರದಷ್ಟಿತ್ತು. ಅಪ್ಪಣೆ ಸಿಕ್ಕೇ ಸಿಗುತ್ತದೆಂಬ ಧೈರ್ಯದಲ್ಲಿ ಬೀದಿಯವರಿಗೆಲ್ಲ ಮೊದಲೇ ಹೇಳಿ ಬಂದಿದ್ದ. ಹೇಳುವಾಗಲೂ "ನಮ್ಮ ಗುರುಗಳ ಹೆಸರು" ಎಂದಿದ್ದನೇ ಹೊರತು ಆ ಹೆಸರನ್ನು ಬಾಯಿಬಿಟ್ಟು ಆಡಿರಲಿಲ್ಲ. ಗುರುವಿನ ಹೆಸರನ್ನು ಶಿಷ್ಯರು ಆಡುವುದು ಆ ಕಡೆ ರೂಢಿಯಲ್ಲಿ ಇಲ್ಲ.

"ಮಗುವಿನ ತಾಯಿ ಏನಂತಾಳೆ?" ಎಂದರು ಗುರುಗಳು.

"ಅವಳು ಅನ್ನೋದೇನಿದೆ, ನನ್ನ ಮಾತೇ ಅವಳ ಮಾತು."

ಗುರುಗಳು ಆಕೆಯ ಕಡೆ ನೋಡಿದರು. ಆಕೆ ಮಗುವಿನ ಕುಲಾವಿ ಸರಿಮಾಡಿದಳು.

"ಕೂತುಕೋ" ಎಂದರು ಗುರುಗಳು. ನೇಕಾರ ಕೂತ. ಅವರು ಕತೆ ಹೇಳಲು ತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಬೇಳೆಕಾಳು, ಬೆಲ್ಲದ ಮಂಡಿ ಅವನದು. ಹೆಸರು ಮಹಾರುದ್ರಪ್ಪ. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಅವನು ಹುಟ್ಟಿದಾಗಲೇ ಮಂಡಿಯ ಯಜಮಾನನಲ್ಲ. ಹುಡುಗನಾಗಿದ್ದಾಗ ಅದೇ ಪೇಟೆಯ ಸಂತೆಯಲ್ಲಿ ಬೇರೆಯವರ ಮೂಟೆ ಹೊರುತ್ತಿದ್ದ. ಆಗ ಅವನನ್ನು ಹೆಸರು ಹಿಡಿದು ಕರೆದವರು ಒಬ್ಬರೂ ಇಲ್ಲ. "ಏಯ್" ಎನ್ನುತ್ತಿದ್ದರು. ಅವಸರವಿದ್ದರೆ "ಏಯ್ ಮೂಟೆ" ಎನ್ನುತ್ತಿದ್ದರು. ಅವನು ಓಗೊಟ್ಟು ಓಡುತ್ತಿದ್ದ. ಓಡದೆ ಹೊಟ್ಟೆಗೇನು ಮಾಡಬೇಕು? ಆದರೆ ಪ್ರತಿ ಸಲವೂ ಒಳಗೊಳಗೇ ಉರಿಯುತ್ತಿತ್ತು. ಅಪ್ಪ ಅಮ್ಮ ಇಷ್ಟುದ್ದದ ಹೆಸರಿಟ್ಟಿದ್ದಾರೆ, ಒಬ್ಬನ ಬಾಯಲ್ಲೂ ಅದು ಬರುವುದಿಲ್ಲವಲ್ಲ ಎಂಬ ಕೊರಗೇ ಬೆನ್ನ ಮೇಲಿನ ಮೂಟೆಗಿಂತ ಅವನಿಗೆ ಭಾರವಾಗಿತ್ತು.

ಮೂಟೆ ಹೊರುವುದನ್ನು ಬಿಟ್ಟು ತಲೆಯ ಮೇಲೆ ಬುಟ್ಟಿ ಹೊತ್ತು ಬೆಲ್ಲ ಮಾರಿದ. ಅವನ ಗಂಟಲು ಅಂಥದು. ಸಂತೆಯ ಈ ತುದಿಯಲ್ಲಿ ನಿಂತು "ಬೆಲ್ಲಾ" ಎಂದರೆ ಆ ತುದಿಯಲ್ಲಿ ಹಸುಗಳ ವ್ಯಾಪಾರ ಮಾಡುವವರು ತಿರುಗಿ ನೋಡುತ್ತಿದ್ದರು. ಬುಟ್ಟಿಯಿಂದ ಅಂಗಡಿಯಾಯಿತು, ಅಂಗಡಿಯಿಂದ ಮಂಡಿಯಾಯಿತು. ಹೆಸರು ಕೂಡ ಹಾಗೇ ಮೆಲ್ಲಮೆಲ್ಲನೆ ಜನರ ಬಾಯಿಗೆ ಬಂತು. ಬುಟ್ಟಿ ಹೊತ್ತಾಗ ರುದ್ರ ಎಂದರು. ಅಂಗಡಿ ಇಟ್ಟಾಗ ರುದ್ರಪ್ಪ ಎಂದರು. ಮಂಡಿ ಹಾಕಿದ ದಿನದಿಂದ ಮಹಾರುದ್ರಪ್ಪ ಶೆಟ್ಟರು ಎಂದರು. ಘಟ್ಟದ ಕೆಳಗಿನ ವ್ಯಾಪಾರಿಗಳು ಸರಕನ್ನು ತೆರೆದೂ ನೋಡದೆ ಆ ಹೆಸರಿನ ಮೇಲೆ ಗಾಡಿಗೆ ಹೇರುತ್ತಿದ್ದರು. ಅವನು ಎದೆಯುಬ್ಬಿಸಿ ನಡೆಯುತ್ತಿದ್ದ. ನಡೆಯಲಿ, ತಾನೇ ದುಡಿದು ತಂದ ಹೆಸರು ಅದು.

ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ತನ್ನ ಮಂಡಿಯಲ್ಲಿ ಒಂದು ಇಲಿಯೂ ಇಲ್ಲ ಎನ್ನುವುದು. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಇಡಿಸುತ್ತಿದ್ದ, ಗೋಡೆಯ ಸಂದುಗಳಿಗೆ ತಾನೇ ನಿಂತು ಗಾರೆ ಮೆತ್ತಿಸುತ್ತಿದ್ದ, ಬೆಕ್ಕುಗಳಿಗೆ ಮನೆಮಂದಿಗಿಂತ ಮೊದಲು ಹಾಲು ಹಾಕಿಸುತ್ತಿದ್ದ. "ಬೇಕಾದರೆ ಹುಡುಕಿಕೊಳ್ಳಿ. ಇಲಿ ಸಿಕ್ಕರೆ ಮಂಡಿ ಬಿಟ್ಟುಕೊಡ್ತೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಮನೆಯಲ್ಲಿ ಊಟದ ಹೊತ್ತಿನಲ್ಲಿ ಇಲಿ ಎಂಬ ಮಾತೆತ್ತಿದರೆ ಅವನ ಮುಖ ಗಂಟಾಗುತ್ತಿತ್ತು. ಉಳಿದ ವರ್ತಕರಿಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. ಆದರೆ ಅವನ ಮಂಡಿಯಲ್ಲಿ ಇಲಿ ಮಾತ್ರ ಯಾರಿಗೂ ಸಿಗಲಿಲ್ಲ.

ಹೀಗಿರುವಾಗ ಮಗನಿಗೆ ಮಗ ಹುಟ್ಟಿದ. ಹೆಸರಿಡುವ ಮಾತು ಬಂತು. ಹಿರಿಯರು ಕೂತು, ತೀರಿಹೋದ ಮುತ್ತಜ್ಜನ ಹೆಸರು ಇಡೋಣ ಎಂದರು. ವರ್ತಕ ಒಪ್ಪಲಿಲ್ಲ.

"ನನ್ನ ಹೆಸರು ಇಡಿ" ಎಂದ.

"ಬದುಕಿರೋರ ಹೆಸರು ಇಡೋದು ನಮ್ಮಲ್ಲಿ ಇಲ್ಲವಲ್ಲ ಶೆಟ್ರೇ. ಕಾಲವಾದ ಮೇಲೆ ಇಡೋದು" ಎಂದರು ಹಿರಿಯರು.

"ಸತ್ತ ಮೇಲೆ ಇಟ್ರೆ ನಾನು ಅದನ್ನ ಕೇಳೋದು ಯಾವಾಗ?"

ಹಿರಿಯರು ಆಗಲಿ ಎಂದು ಎದ್ದರು. ಅವನಿಗೆ ನಿಜವಾಗಿ ಬೇಕಾಗಿದ್ದುದೂ ಅದೇ. ಹುಡುಗನಾಗಿದ್ದಾಗ ತನಗೆ ಸಿಗದಿದ್ದ ಕೂಗು ಈ ಮಗುವಿಗೆ ಹುಟ್ಟಿದ ದಿನದಿಂದಲೇ ಸಿಗಬೇಕು, ತನ್ನ ಅಂಗಳದಲ್ಲಿ ತನ್ನ ಕಿವಿಗೆ ಅದು ಬೀಳಬೇಕು ಎಂಬುದು. ಆಸೆ ತಪ್ಪಲ್ಲ. ಆದರೆ ಅದನ್ನು ಯಾರ ಬಾಯಿಂದ ಕೂಗಿಸಬೇಕು ಎಂದು ಅವನು ಯೋಚಿಸಿರಲಿಲ್ಲ.

ತೊಟ್ಟಿಲ ದಿನ ಬಂತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ವರ್ತಕನ ಮಗಳು. ಹೇಳಬೇಕಾದದ್ದು ಅವಳ ಸ್ವಂತ ಅಪ್ಪನ ಹೆಸರು. ಹುಟ್ಟಿದಂದಿನಿಂದ ಒಮ್ಮೆಯೂ ಅವಳು ಆ ಹೆಸರನ್ನು ಆಡಿದವಳಲ್ಲ. ಮಗುವಿನ ಕಿವಿಯ ಹತ್ತಿರ ಬಾಗಿದಳು, ಎದ್ದಳು, ಮತ್ತೆ ಬಾಗಿದಳು. ಅಪ್ಪ ಎದುರಿಗೇ ನಿಂತಿದ್ದ. ಕೊನೆಗೆ ಕಣ್ಣುಮುಚ್ಚಿಕೊಂಡು ಹೇಗೋ ಹೇಳಿ ಮುಗಿಸಿದಳು. ಸುತ್ತ ಕೂತ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ವರ್ತಕ ಮೀಸೆ ತಿರುವಿದ. ಆ ಮನೆಯ ಹೆಂಗಸೊಬ್ಬಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು, ಅದೇ ಕೊನೆ.

ಮಾರನೆಯ ಬೆಳಿಗ್ಗೆ ಹೆಂಡತಿ ಬಂದು ನಿಂತಳು.

"ಅಲ್ರೀ, ಮಗೂನ ನಾವು ಏನಂತ ಕರೀಬೇಕು?"

"ಇಟ್ಟ ಹೆಸರಿಂದ ಕರೀರಿ."

"ಅದು ನಿಮ್ಮ ಹೆಸರಲ್ವಾ?"

"ಅದಕ್ಕೇ ಇಟ್ಟಿದ್ದು!"

ಹೆಂಡತಿ ಒಳಗೆ ಹೋದಳು. ಗಂಡನ ಹೆಸರನ್ನು ಅವಳು ಹೇಗೆ ಕೂಗಿಯಾಳು? ಮಗ ಅಪ್ಪನ ಹೆಸರು ಹಿಡಿದು "ಬಾರೋ, ಹೋಗೋ" ಎಂದಾನೆಯೇ? ಸೊಸೆಗಂತೂ ಅದು ಮಾವನ ಹೆಸರು, ಆ ಮಾತೇ ಬೇಡ. ಮಂಡಿಯ ಆಳುಗಳು ಯಜಮಾನನ ಹೆಸರಿಟ್ಟುಕೊಂಡ ಮಗುವನ್ನು ಕಂಡರೆ ಸುಮ್ಮನೆ ಹಲ್ಲು ಬಿಡುತ್ತಿದ್ದರು. ಬೇರೆ ಮುದ್ದು ಹೆಸರು ಕರೆಯೋಣವೆಂದರೆ ವರ್ತಕ ಬಿಡುವುದಿಲ್ಲ. ಒಮ್ಮೆ ಹೆಂಡತಿ ಬಾಯಿತಪ್ಪಿ "ಪುಟ್ಟಾ" ಎಂದಳು. ಅವನು ಎಲೆಯ ಮುಂದಿನಿಂದ ಎದ್ದೇಬಿಟ್ಟ.

"ಇಷ್ಟು ದೊಡ್ಡ ಹೆಸರಿಟ್ಟಿರೋವಾಗ ಪುಟ್ಟ ಯಾರು? ಈ ಮನೇಲಿ ಇನ್ನೊಂದು ಹೆಸರು ನನ್ನ ಕಿವಿಗೆ ಬೀಳಕೂಡದು" ಎಂದ.

ಬೀಳಲಿಲ್ಲ. ಅವನ ಎದುರಿಗೆ ಎಲ್ಲರೂ ಮಗುವನ್ನು "ಏಯ್" ಎಂದು ಕರೆಯತೊಡಗಿದರು. "ಏಯ್, ಬಾ ಇಲ್ಲಿ." "ಏಯ್, ಹಾಲು ಕುಡಿ." ಯಾವ ಕೂಗಿನಿಂದ ತಪ್ಪಿಸಿಕೊಳ್ಳಲು ವರ್ತಕ ಬದುಕಿಡೀ ಬೆವರು ಸುರಿಸಿದ್ದನೋ ಅದೇ ಕೂಗಿಗೆ ಅವನ ಮೊಮ್ಮಗ ಅವನ ಅಂಗಳದಲ್ಲೇ ಓಗೊಡುತ್ತಿದ್ದ. ಅವನಿಗೆ ಅದು ಕೇಳಿಸುತ್ತಿತ್ತು, ಆದರೆ ತಿಳಿಯುತ್ತಿರಲಿಲ್ಲ. ಮನುಷ್ಯನ ಕಿವಿ ಹಾಗೇ, ತನ್ನ ಹೆಸರು ಬಿಟ್ಟು ಬೇರೆಲ್ಲವೂ ಅದಕ್ಕೆ ಗದ್ದಲ.

ಬೆನ್ನ ಹಿಂದಿನ ಮಾತು ಬೇರೆ. ತಾಯಿ ಅಂದಮೇಲೆ ಮಗುವನ್ನು ಏನಾದರೂ ಅಂದು ಕರೆಯದೆ ಹೇಗಿರುತ್ತಾಳೆ? ಹುಡುಗ ತೆವಳುವ ಕಾಲದಿಂದಲೂ ಬೆಲ್ಲದ ಗಡಿಗೆ ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತಿದ್ದ. ಮೂಲೆಯಲ್ಲಿ ಕೂತು ಬೆಲ್ಲದ ಚೂರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕಚ್ಚುತ್ತಿದ್ದ. ಅದನ್ನು ಕಂಡು ಅವಳು ಒಂದು ದಿನ "ಇಲಿಮರೀ" ಎಂದಳು. ಹುಡುಗ ತಿರುಗಿ ನೋಡಿ ನಕ್ಕ. ಅಷ್ಟೇ, ಹೆಸರು ಅಂಟಿಕೊಂಡಿತು. ಅಡಿಗೆಮನೆಯಲ್ಲಿ ಅಜ್ಜಿಯೂ ಹಾಗೇ ಕರೆದಳು, ಅಪ್ಪನೂ ಹಾಗೇ ಕರೆದ. ಬೀದಿಬಾಗಿಲು ಸದ್ದಾದರೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಇಲಿಯಿಲ್ಲದ ಮಂಡಿಯ ಯಜಮಾನನ ಮನೆಯಲ್ಲಿ ಒಂದು ಇಲಿಮರಿ ಬೆಳೆಯುತ್ತಿತ್ತು, ಯಜಮಾನನೊಬ್ಬನಿಗೆ ಗೊತ್ತಿರಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಬೀದಿಬಾಗಿಲಲ್ಲಿ ಯಾರಾದರೂ ಬಂದು "ಮಹಾರುದ್ರಪ್ಪ ಶೆಟ್ರೇ" ಎಂದು ಕೂಗಿದರೆ ವ್ಯಾಪಾರದವರು ಬಂದಿದ್ದಾರೆಂದು ಅರ್ಥ. ದೊಡ್ಡವರು ಮಾತಾಡುವಾಗ ಮಕ್ಕಳು ಕಾಲಿಗೆ ತೊಡರಬಾರದು. ಆ ಕೂಗು ಕೇಳಿದ ಕೂಡಲೇ ಹುಡುಗ ಒಳಗೆ ಹೋಗಿ ಸದ್ದಿಲ್ಲದೆ ಕೂರಬೇಕು. ಅವನು ಹಾಗೇ ಮಾಡುತ್ತಿದ್ದ. ಹೇಳಿದ ಮಾತು ಕೇಳುವ ಹುಡುಗ.

ಹುಡುಗನಿಗೆ ಐದು ತುಂಬಿತು. ಒಂದು ಸಂತೆಯ ದಿನ ವರ್ತಕ ಅವನಿಗೆ ಜರಿಯ ಟೋಪಿ ಹಾಕಿಸಿ, ಕೈಹಿಡಿದು ಮಂಡಿಗೆ ಕರೆದುಕೊಂಡು ಹೋದ. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಗಾಡಿಗಳು ಬಂದು ಬಯಲು ತುಂಬ ನಿಂತಿದ್ದವು. ವರ್ತಕ ಒಬ್ಬೊಬ್ಬ ವ್ಯಾಪಾರಿಯ ಮುಂದೂ ನಿಂತ.

"ನೋಡ್ರಪ್ಪ, ಇವನೂ ಮಹಾರುದ್ರಪ್ಪನೇ!"

ವ್ಯಾಪಾರಿಗಳು ಹುಡುಗನ ಕೆನ್ನೆ ತಟ್ಟಿದರು. ಹುಡುಗ ಪ್ರತಿ ಸಲವೂ ತಲೆಯೆತ್ತಿ ತಾತನ ಮುಖ ನೋಡಿದ. ಹೆಸರು ತಾತನದು, ಇವರೆಲ್ಲ ನನ್ನ ಕೆನ್ನೆ ಯಾಕೆ ತಟ್ಟುತ್ತಾರೆ ಎಂಬಂತೆ. ವರ್ತಕ ಅದನ್ನು ಗಮನಿಸಲಿಲ್ಲ. ಆ ಹೊತ್ತು ಅವನ ಕಾಲು ನೆಲದ ಮೇಲಿರಲಿಲ್ಲ.

ಮಧ್ಯಾಹ್ನ ತೂಕದ ಗದ್ದಲ ಶುರುವಾಯಿತು. ತಕ್ಕಡಿಯ ಮುಳ್ಳು ನೋಡಿ ತಿರುಗುವಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗ ಇಲ್ಲ.

ಮೊದಲು ಅವನು ಹೆದರಲಿಲ್ಲ. ಮೂಟೆಗಳ ಹಿಂದೆ ಇರುತ್ತಾನೆ ಎಂದುಕೊಂಡ. ಇರಲಿಲ್ಲ. ಹೊರಗೆ ಬಂದು ಕೂಗಿದ.

"ಮಹಾರುದ್ರಪ್ಪಾ!"

ಪಕ್ಕದ ಮಂಡಿಯವನು ತಲೆ ಹೊರಹಾಕಿದ. "ಏನ್ ಶೆಟ್ರೇ, ನಿಮ್ಮನ್ನ ನೀವೇ ಕೂಗ್ಕೊಂತಿದೀರಾ?"

ವರ್ತಕ ನಗಲಿಲ್ಲ. ಬೀದಿಯ ಆ ತುದಿಯವರೆಗೆ ನಡೆದು ಮತ್ತೆ ಕೂಗಿದ. ಉತ್ತರವಿಲ್ಲ. ಡಂಗುರದವನನ್ನು ಕರೆಸಿದ. ಅವನು ತಮಟೆ ಬಡಿದು, "ಮಹಾರುದ್ರಪ್ಪ ಕಳೆದುಹೋಗವ್ನೆ, ಕಂಡೋರು ತಂದುಕೊಡಿ" ಎಂದು ಸಾರಿದ. ಜನ ಮಂಡಿಯ ಕಡೆ ನೋಡಿದರು. ಶೆಟ್ಟರು ಅಲ್ಲೇ ನಿಂತಿದ್ದಾರೆ, ಕಳೆದುಹೋದವರು ಯಾರು? ಕೆಲವರು ಹೊಟ್ಟೆ ಹಿಡಿದು ನಕ್ಕರು. ಕೆಲವರು, ಶೆಟ್ಟರಿಗೂ ಯಾರಿಗೋ ಜಗಳವಿರಬೇಕು ಎಂದುಕೊಂಡು ತಮ್ಮ ವ್ಯಾಪಾರಕ್ಕೆ ತಿರುಗಿದರು.

ಸುದ್ದಿ ಮನೆಗೆ ಮುಟ್ಟಿತು. ವರ್ತಕನ ಮಗ ಓಡಿಬಂದು, ಇಲಿಮರಿ ಎಂದರೆ ಅಪ್ಪ ಕೇಳಿಸಿಕೊಂಡಾನೆಂಬ ಅಂಜಿಕೆಗೆ "ಮಗಾ, ಮಗಾ" ಎಂದು ಸಂತೆಯಲ್ಲೆಲ್ಲ ಕೂಗಿದ. ಅಂಥ ಕೂಗಿಗೆ ಸಂತೆಯ ಅರ್ಧ ಮಕ್ಕಳು ತಿರುಗಿ ನೋಡುತ್ತಾರೆ, ಬೇಕಾದವನೊಬ್ಬ ನೋಡುವುದಿಲ್ಲ. ಯಾರೋ "ಬಾವಿಯ ಕಡೆ ನೋಡಿದಿರಾ?" ಎಂದರು. ಸಂತೆಯ ಬಾವಿಗೆ ಕಟ್ಟೆಯಿರಲಿಲ್ಲ. ವರ್ತಕ ಅಲ್ಲಿಗೆ ಓಡಿದ. ಒಬ್ಬ ಹಗ್ಗ ಹಿಡಿದು ಇಳಿದ, ತಳ ತಡಕಿದ, ತಲೆಯಾಡಿಸಿ ಮೇಲೆ ಬಂದ. ವರ್ತಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಆ ನೆಮ್ಮದಿ ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಆಗಲೇ ಬಯಲಿನಲ್ಲಿ ಗಾಡಿಗಳಿಗೆ ಎತ್ತು ಕಟ್ಟತೊಡಗಿದ್ದರು.

ಬಿಸಿಲು ಇಳಿಯುವ ಮೊದಲು ಹೊರಟರೆ ಮಾತ್ರ ಗಾಡಿಗಳು ಕತ್ತಲಾಗುವುದರೊಳಗೆ ಘಟ್ಟ ಇಳಿಯುತ್ತವೆ. ಒಂದೊಂದು ಗಾಡಿ ಒಂದೊಂದು ಸೀಮೆಗೆ. ಹುಡುಗ ಯಾವುದಾದರೂ ಗಾಡಿ ಹತ್ತಿದ್ದರೆ? ಯಾವ ಊರಿನಲ್ಲಿ ಇಳಿದಾನು? ಇಳಿದವನನ್ನು "ನಿನ್ನ ಹೆಸರೇನಪ್ಪ" ಎಂದು ಯಾರಾದರೂ ಕೇಳಿದರೆ ಏನು ಹೇಳಿಯಾನು? ಆ ಕ್ಷಣ ವರ್ತಕನಿಗೆ ಮೊದಲ ಬಾರಿಗೆ ಹೊಳೆಯಿತು, ಮೊಮ್ಮಗ ತನ್ನ ಹೆಸರನ್ನು ತಾನೇ ಹೇಳಿದ್ದನ್ನು ಅವನು ಒಂದು ದಿನವೂ ಕೇಳಿರಲಿಲ್ಲ.

ಹೆಂಡತಿ, ಸೊಸೆ ಬಂದು ನಿಂತಿದ್ದರು. ಸೊಸೆ ಅತ್ತೆಯ ಬೆನ್ನ ಹಿಂದೆ ಸೆರಗು ಹೊದ್ದು ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು, ಧ್ವನಿ ಪಕ್ಕದವರಿಗೂ ಕೇಳುತ್ತಿರಲಿಲ್ಲ.

"ನೀನಾದ್ರೂ ಕೂಗವ್ವ. ತಾಯಿ ಕೂಗಿದ್ರೆ ಬಂದಾನು. ನನ್ನ ಹೆಸರು ಅಂತ ನೋಡಬೇಡ, ಕೂಗು" ಎಂದ ವರ್ತಕ.

ಸೊಸೆ ತಲೆ ತಗ್ಗಿಸಿಯೇ ಹೇಳಿದಳು. "ಆ ಹೆಸರು ಕೂಗಿದ್ರೆ ಅವನು ಬರಲ್ಲ ಮಾವಯ್ಯ. ಅದು ನಿಮ್ಮ ಹೆಸರು ಅಂತಾನೇ ಅವನು ತಿಳಕೊಂಡಿರೋದು."

"ಮತ್ತೆ ಅವನ ಹೆಸರೇನು?"

ಎಂಥ ಪ್ರಶ್ನೆ ನೋಡು. ಹಿರಿಯರನ್ನೆಲ್ಲ ಎದುರು ಹಾಕಿಕೊಂಡು ಹೆಸರಿಟ್ಟವನು, ಐದು ವರ್ಷದ ಮೇಲೆ ನಡುಸಂತೆಯಲ್ಲಿ ನಿಂತು ಮೊಮ್ಮಗನ ಹೆಸರೇನೆಂದು ಕೇಳುತ್ತಿದ್ದಾನೆ.

ಹೆಂಡತಿ ಸೊಸೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. "ಇಲಿಮರಿ ಅಂತ. ಆಮೇಲೆ ಬೇಕಾದ್ರೆ ಬೈಯಿರಿ, ಹೊಡೀರಿ. ನಾವೆಲ್ಲ ಕರೆಯೋದು ಇಲಿಮರಿ ಅಂತ."

"ಕೂಗಿದಿರಾ?"

"ಬಂದಾಗಿಂದ ಕೂಗ್ತಿದೀವಿ. ನಮ್ಮ ದನಿ ಎಲ್ಲಿ ಮುಟ್ಟುತ್ತೆ ಈ ಗದ್ದಲದಲ್ಲಿ? ನಿಮ್ಮೆದುರಿಗೆ ಗಟ್ಟಿಯಾಗಿ ಮಾತಾಡಿ ನಮಗೆ ಅಭ್ಯಾಸ ಎಲ್ಲಿದೆ?"

ಅದು ನಿಜ. ಆ ಸಂತೆಯಲ್ಲಿ ಈ ತುದಿಯಿಂದ ಆ ತುದಿಗೆ ಮುಟ್ಟುವ ಗಂಟಲು ಒಂದೇ ಇತ್ತು, ಅದು ಅವನದು.

ವರ್ತಕ ಸುತ್ತ ನೋಡಿದ. ಪಕ್ಕದ ಮಂಡಿಯವನಿದ್ದ. ಎದುರಿನ ಮಂಡಿಯವನಿದ್ದ. ಘಟ್ಟದ ಕೆಳಗಿನವರು ಗಾಡಿಯ ಮೇಲೆ ಕೂತು ಹಗ್ಗ ಹಿಡಿದಿದ್ದರು. ಒಂದು ಕಾಲಕ್ಕೆ "ಏಯ್ ಮೂಟೆ" ಎಂದಿದ್ದ ಮುದುಕರೂ ಅಲ್ಲೇ ಇದ್ದರು. ಅವರೆಲ್ಲರ ಕಣ್ಣೆದುರಿಗೆ ಅವನು ಇಷ್ಟು ದಿನ ತಲೆಯೆತ್ತಿ ಬದುಕಿದ್ದ. ಈಗ ಅವರ ಮುಂದೆ ಯಾವ ಮಾತನ್ನು ಅವನು ಜನ್ಮದಲ್ಲಿ ಆಡಬಾರದೋ ಆ ಮಾತನ್ನು ಗಂಟಲು ಹರಿಯುವಂತೆ ಕೂಗಬೇಕಾಗಿತ್ತು. ಮೊದಲ ಗಾಡಿ ಬಯಲು ಬಿಟ್ಟು ರಸ್ತೆಗೆ ಹೊರಳಿತು.

ಅವನು ಬೆಲ್ಲದ ಮೂಟೆಗಳ ಮೇಲೆ ಹತ್ತಿದ. ಪೇಟ ಬಿದ್ದುಹೋಯಿತು, ಎತ್ತಿಕೊಳ್ಳಲಿಲ್ಲ. ಮೊದಲ ಸಲ ಬಾಯಿ ತೆರೆದಾಗ ಗಾಳಿಯಷ್ಟೇ ಬಂತು. ಕಣ್ಣು ಮುಚ್ಚಿಕೊಂಡ. ತೊಟ್ಟಿಲ ದಿನ ತನ್ನ ಮಗಳು ಹಾಗೇ ಕಣ್ಣು ಮುಚ್ಚಿಕೊಂಡಿದ್ದಳು ಎಂಬುದು ಅವನಿಗೆ ನೆನಪಾಯಿತೋ ಇಲ್ಲವೋ ನಾನರಿಯೆ.

"ಇಲಿಮರೀ!"

ಸಂತೆ ಬೆಚ್ಚಿತು. ಪಕ್ಕದ ಮಂಡಿಯವನು ಸರಕ್ಕನೆ ತನ್ನ ಮೂಟೆಗಳ ಬುಡ ನೋಡಿದ. ಇಲಿಯಿಲ್ಲದ ಮಂಡಿಯ ಶೆಟ್ಟರು ಮೂಟೆ ಹತ್ತಿ ನಿಂತು ಇಲಿಮರಿಯನ್ನು ಕರೆಯುತ್ತಿದ್ದಾರೆ. ಒಬ್ಬ ನಕ್ಕ, ಅವನನ್ನು ನೋಡಿ ಇನ್ನೊಬ್ಬ ನಕ್ಕ, ನಗು ಅಂಗಡಿಯಿಂದ ಅಂಗಡಿಗೆ ಹಬ್ಬಿತು. ವರ್ತಕನ ಕಿವಿ ಕೆಂಪಗಾಯಿತು. ಆದರೂ ನಿಲ್ಲಿಸಲಿಲ್ಲ. ಬುಟ್ಟಿ ಹೊತ್ತ ಕಾಲದ ಗಂಟಲನ್ನು ಎಲ್ಲಿಟ್ಟಿದ್ದನೋ ಅಲ್ಲಿಂದ ಹೊರಗೆ ತೆಗೆದ.

"ಇಲಿಮರೀ! ನನ್ನಪ್ಪಾ, ಇಲಿಮರೀ! ಎಲ್ಲಿದೀಯೋ!"

ರಸ್ತೆಗೆ ಹೊರಳಿದ್ದ ಮೊದಲ ಗಾಡಿಯಲ್ಲಿ ಬೆಲ್ಲದ ಅಚ್ಚುಗಳ ನಡುವೆ ಹುಲ್ಲು ಅಲುಗಿತು. ಜರಿಯ ಟೋಪಿ ಮೇಲೆ ಬಂತು, ಅದರ ಕೆಳಗೆ ಬೆಲ್ಲ ಮೆತ್ತಿದ ಮುಖ ಬಂತು.

"ಓ!" ಎಂದ ಹುಡುಗ.

ಗಾಡಿಯವನು ಎತ್ತು ತಡೆದ. ವರ್ತಕ ಮೂಟೆಯಿಂದ ಹೇಗೆ ಇಳಿದನೋ, ಜನರ ನಡುವೆ ಹೇಗೆ ಓಡಿದನೋ ಅವನಿಗೇ ತಿಳಿಯದು. ಹುಡುಗನನ್ನು ಎತ್ತಿ ಎದೆಗೆ ಒತ್ತಿಕೊಂಡ. ಎಲ್ಲರೂ ನೋಡುವಂತೆ ಅತ್ತ. ಸಾಕಷ್ಟು ಅತ್ತ ಮೇಲೆ ಸಿಟ್ಟು ಬಂತು.

"ಅಷ್ಟು ಹೊತ್ತಿಂದ ಕೂಗ್ತಿದೀನಿ, ಕೇಳಿಸ್ಲಿಲ್ವೇನೋ?"

"ಕೇಳಿಸ್ತು ತಾತ. ಯಾರೋ ನಿನ್ನ ಕೂಗ್ತಿದ್ರು. ದೊಡ್ಡೋರು ಮಾತಾಡ್ವಾಗ ಒಳಗೆ ಹೋಗಿ ಕೂತ್ಕೋಬೇಕಲ್ವಾ? ಅದಕ್ಕೇ ಇನ್ನೂ ಒಳಗೆ ಹೋಗಿ ಕೂತ್ಕೊಂಡೆ."

ವರ್ತಕನಿಗೆ ಆಗ ಅರ್ಥವಾಯಿತು. ತಾನು ಕೂಗಿದಷ್ಟೂ ಮಗು ದೂರ ಹೋಗಿತ್ತು, ಅದೂ ತಾನೇ ಹೇಳಿಕೊಟ್ಟ ಮಾತನ್ನು ಪಾಲಿಸಿ. ಹುಡುಗ ತಾತನ ಮೀಸೆಗೆ ಬೆಲ್ಲದ ಕೈ ಒರೆಸುತ್ತ, ಬಹಳ ಆಶ್ಚರ್ಯದಿಂದ ಕೇಳಿದ.

"ತಾತಾ, ನನ್ನ ಹೆಸರು ನಿನಗೂ ಗೊತ್ತಾ?"

"ಈಗ ಗೊತ್ತಾಯ್ತಪ್ಪ" ಎಂದ ವರ್ತಕ.

ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡುಸಂತೆಯಲ್ಲಿ ಮನೆಯ ಕಡೆ ನಡೆದ. ಪೇಟವಿಲ್ಲದ ತಲೆ, ಬೆಲ್ಲ ಮೆತ್ತಿದ ಮೀಸೆ. ಎಷ್ಟೋ ದಿನದಿಂದ ಕಾದಿದ್ದ ಪಕ್ಕದ ಮಂಡಿಯವನಿಗೆ ತಡೆಯಲಾಗಲಿಲ್ಲ.

"ಏನ್ ಶೆಟ್ರೇ, ನಮ್ಮಲ್ಲಿ ಇಲಿಯೇ ಇಲ್ಲ ಅಂತಿದ್ರಿ?"

ವರ್ತಕ ನಿಂತ. ಮಂಡಿ ಹಾಕಿದ ದಿನವೂ ಅವನು ಅಷ್ಟು ಎದೆಯುಬ್ಬಿಸಿ ನಿಂತಿರಲಿಲ್ಲ.

"ಒಂದಿದೆ ಕಣಯ್ಯ. ಹೆಗಲ ಮೇಲಿದೆ ನೋಡು. ಇಂಥದು ನಿಮ್ಮ ಒಬ್ಬರ ಮಂಡಿಯಲ್ಲಾದ್ರೂ ಇದ್ರೆ ತೋರಿಸಿ!"

ಮನೆಯ ಬಾಗಿಲಲ್ಲಿ ಸೊಸೆ ಕಡೆ ತಿರುಗಿದ. "ನೀನೇ ಇಟ್ಟಿದ್ದೇನವ್ವ ಈ ಹೆಸರು?"

ಅವಳು ಅಳುಕುತ್ತ ಹೌದೆಂದಳು.

"ಚೆನ್ನಾಗಿದೆ. ಮುಟ್ಟುತ್ತೆ."

ತನ್ನ ಹೆಸರನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಬೇಕು? ಇನ್ನು ಮೇಲೆ ಮನೆಯವರೆಲ್ಲ ಅದನ್ನೂ ಕರೆಯಬಹುದು ಎಂದು ಅಪ್ಪಣೆ ಕೊಟ್ಟ. ಹೆಂಡತಿ ಧೈರ್ಯ ಮಾಡಿ "ಮಹಾ" ಎಂಬವರೆಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ಒಳಗೆ ಓಡಿದಳು. ಆ ಹೆಸರು ಹುಡುಗ ದೊಡ್ಡವನಾಗಿ ಮಂಡಿಯಲ್ಲಿ ಕೂತಾಗ ಬೇಕಾಗುತ್ತದೆ ಎಂದು ಹಾಗೇ ಕಾದು ಕೂತಿತು. ಅಲ್ಲಿಯವರೆಗೆ ಸಂಜೆ ಸಂಜೆ ವರ್ತಕ ಮನೆಯ ಬಾಗಿಲಲ್ಲಿ ನಿಂತು ಮೊಮ್ಮಗನನ್ನು ಊಟಕ್ಕೆ ಕೂಗುತ್ತಿದ್ದ. ಅಂಗಳಕ್ಕೆ ಕೇಳಿದರೆ ಸಾಕಾಗಿತ್ತು, ಅವನು ಮಾತ್ರ ಇಡೀ ಪೇಟೆಗೆ ಕೇಳುವಂತೆ ಕೂಗುತ್ತಿದ್ದ.

ಕತೆ ಮುಗಿಯಿತು. ನೇಕಾರನ ಹೆಂಡತಿ ಕತೆಯ ಮಧ್ಯದಲ್ಲೆಲ್ಲೋ ನಗತೊಡಗಿದ್ದವಳು ಈಗ ಮಗುವಿನ ಮೇಲೆ ಬಾಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನೇಕಾರನೂ ನಕ್ಕಿದ್ದ. ಆದರೆ ಅವನ ಹೆಮ್ಮೆ ಇನ್ನೂ ಇಳಿದಿರಲಿಲ್ಲ. ಬೀದಿಯವರಿಗೆಲ್ಲ ಹೇಳಿ ಬಂದವನು, ಬರಿಗೈಯಲ್ಲಿ ಹೇಗೆ ಹಿಂದಿರುಗುತ್ತಾನೆ?

"ಅರ್ಥವಾಯಿತು ಗುರುಗಳೇ. ಆದರೆ ಆ ವರ್ತಕ ತನ್ನ ದೊಡ್ಡಸ್ತಿಕೆಗೆ ಹೆಸರಿಟ್ಟ. ನಾನು ಭಕ್ತಿಯಿಂದ ಇಡುತ್ತಿದ್ದೇನೆ. ನನ್ನ ಮಾತು ಬೇರೆಯಲ್ಲವೇ?"

"ಬೇರೆಯೇ" ಎಂದರು ಗುರುಗಳು. ಅವರ ಮುಖದಲ್ಲಿ ನಗುವಿತ್ತು. ತಾಯಿಯ ಮಡಿಲಲ್ಲಿದ್ದ ಮಗುವಿನ ಕಡೆ ಕೈ ತೋರಿಸಿದರು.

"ಎಲ್ಲಿ, ಮಗನನ್ನು ಒಮ್ಮೆ ಹೆಸರು ಹಿಡಿದು ಕೂಗು, ಕೇಳೋಣ."

ನೇಕಾರ ಮಗುವಿನ ಕಡೆ ತಿರುಗಿದ. ಬಾಯಿ ತೆರೆದ. ಗುರುಗಳು ಕಾದರು, ಹೆಂಡತಿ ಕಾದಳು. ಅವನು ತೆರೆದ ಬಾಯಿಯಲ್ಲೇ ಹಾಗೇ ಕೂತಿದ್ದ.